ನಿಮಗಿದು ಗೊತ್ತೆ? ನಲ್ಲಿ ನೀರಿಗೆ ಬೆಂಕಿ ಹತ್ತಿಸಿದ ಸಾಕ್ಷ್ಯಚಿತ್ರ
ಅಮೆರಿಕದ ನಿರ್ದೇಶಕ ಜಾಶ್ ಫಾಕ್ಸ್ 2010ರಲ್ಲಿ ಹೊರತಂದ ‘ಗ್ಯಾಸ್‌ಲ್ಯಾಂಡ್’ ಸಾಕ್ಷ್ಯಚಿತ್ರದಲ್ಲಿ, ಕೊಲೊರಾಡೊ ರಾಜ್ಯದ ನಿವಾಸಿಯೊಬ್ಬರು ಅಡುಗೆಮನೆಯ ನಲ್ಲಿ ತಿರುಗಿಸಿ, ಸುರಿಯುವ ನೀರಿಗೆ ಲೈಟರ್ ಹಿಡಿದೊಡನೆ ಜ್ವಾಲೆ ಭುಗಿಲೇಳುವ ದೃಶ್ಯವಿದೆ. ಹೊತ್ತಿಕೊಳ್ಳುವುದು ನೀರಲ್ಲ, ಅದರೊಡನೆ ಬೆರೆತು ಬಂದ ಮೀಥೇನ್ ಅನಿಲ. ನೆಲದಾಳದ ಶೇಲ್ ಎಂಬ ಪದರಗಲ್ಲಿನೊಳಕ್ಕೆ ಮರಳು ಹಾಗೂ ರಾಸಾಯನಿಕ ಬೆರೆಸಿದ ನೀರನ್ನು ಭಾರಿ ಒತ್ತಡದಲ್ಲಿ ನುಗ್ಗಿಸಿ, ಬಂಡೆಯನ್ನು ಸೀಳಿ, ಅಲ್ಲಿ ಸೆರೆಯಾಗಿರುವ ಅನಿಲವನ್ನು ಹೊರತೆಗೆಯುವ ‘ಫ್ರ್ಯಾಕಿಂಗ್’ ವಿಧಾನದಿಂದ ಅಂತರ್ಜಲ ಕೆಡುತ್ತಿದೆ ಎಂಬುದು ಚಿತ್ರದ ವಾದ. ಆದರೆ ಆ ಮನೆಯ ಬಾವಿಯ ಮೀಥೇನ್ ಜೀವಾಣುಗಳಿಂದ ಸಹಜವಾಗಿ ಉಂಟಾದದ್ದೆಂದು ರಾಜ್ಯದ ತೈಲ ಮತ್ತು ಅನಿಲ ನಿಯಂತ್ರಣ ಆಯೋಗವು ಆಕ್ಷೇಪಿಸಿತು. ಚಿತ್ರದಲ್ಲಿರುವ ಇನ್ನೊಂದು ಬಾವಿಯಲ್ಲಿ ಮಾತ್ರ ಆಳದ ಅನಿಲವೂ ಬೆರೆತಿರುವುದನ್ನು ಅದೇ ಆಯೋಗ ಒಪ್ಪಿತೆಂಬುದು ಈ ವಾಗ್ವಾದದಲ್ಲಿ ಹೆಚ್ಚಾಗಿ ಮರೆತುಹೋಗುವ ಅಂಶ. ಚಿತ್ರವು ಆಸ್ಕರ್ ಪ್ರಶಸ್ತಿಗೂ ನಾಮನಿರ್ದೇಶನಗೊಂಡಿತ್ತು.