ಬಾಟಲಿಯೊಳಗಿನ ಬಾಳೆ

ಶಿಗ್ಗಾವಿ ತಾಲ್ಲೂಕಿನ ಹುಲಗೂರನ್ನು ನಾಡು ಬಲ್ಲದ್ದು ಅಲ್ಲಿನ ದರ್ಗಾದಿಂದ, ಶಿಶುನಾಳ ಶರೀಫರ ನಂಟಿನಿಂದ. ಆ ಸೀಮೆಯಲ್ಲಿ ನೀರಾವರಿ ಇದ್ದವರು ಬಾಳೆ ಹಚ್ಚಬೇಕೆಂದರೆ ಹಿಂದೆ ನೆರೆಯವರ ತೋಟದಿಂದ ಗಡ್ಡೆ ಕಿತ್ತು ತರುತ್ತಿದ್ದರು. ಈಗ ‘ಟಿಶ್ಯೂ ಅಗಿ’ ಕೇಳುತ್ತಾರೆ. ಪಾಲಿಥಿನ್ ಚೀಲದಲ್ಲಿ ಬರುವ ಆ ಸಸಿ ಹೊರಗಿನ ಗಾಳಿ ಕಂಡು ಎರಡು-ಮೂರು ತಿಂಗಳಷ್ಟೇ ಆಗಿರುತ್ತದೆ. ಅದಕ್ಕೂ ಮುಂಚೆ ಅದು ಬೆಳೆದದ್ದು ಮುಚ್ಚಿದ ಕೋಣೆಯೊಂದರ ಕಪಾಟಿನಲ್ಲಿ, ಟ್ಯೂಬ್‌ಲೈಟಿನ ಕೆಳಗೆ. ಅಗಿಗೆ ದುಡ್ಡು ಕೊಡುವ ರೈತರಿಗೆ ಆ ಕೋಣೆಯ ಒಳಗು ಗೊತ್ತಿರಬೇಕು ಎಂಬುದು ನನ್ನ ಆಸೆ.

ಬೆಂಗಳೂರಿನ ಹುಳಿಮಾವಿನಲ್ಲಿ ತೋಟಗಾರಿಕೆ ಇಲಾಖೆಯದೇ ಜೈವಿಕ ಕೇಂದ್ರವಿದೆ. ಖಾಸಗಿ ಪ್ರಯೋಗಾಲಯಗಳೂ ಹಲವು. ಎಲ್ಲಿಯೇ ಆಗಲಿ, ಕೆಲಸದ ಕ್ರಮ ಹೆಚ್ಚುಕಡಿಮೆ ಒಂದೇ. ಒಳ್ಳೆಯ ಗೊನೆ ಕೊಟ್ಟ, ರೋಗವಿಲ್ಲದ ತಾಯಿಗಿಡದ ಕತ್ತಿಯೆಲೆಯ ಮರಿಯನ್ನು ಆರಿಸಿ, ಪದರ ಪದರವಾಗಿ ಸುಲಿದು, ಔಷಧ ನೀರಿನಲ್ಲಿ ತೊಳೆದು, ಒಳಗಿನ ಬೆಳೆಯುವ ತುದಿಯನ್ನಷ್ಟೇ ಉಳಿಸಿಕೊಳ್ಳುತ್ತಾರೆ. ಅದನ್ನು ಊರುವುದು ಮಣ್ಣಿನಲ್ಲಲ್ಲ, ಅಗರ್ ಹಾಕಿ ಹೆಪ್ಪುಗಟ್ಟಿಸಿದ ಪೋಷಕ ದ್ರಾವಣದಲ್ಲಿ. ತೋಶಿಯೊ ಮುರಾಶಿಗೆ ಮತ್ತು ಫೋಕ್ ಸ್ಕೂಗ್ ತಂಬಾಕಿನ ಅಂಗಾಂಶ ಬೆಳೆಸಲು ರೂಪಿಸಿ 1962ರಲ್ಲಿ ಪ್ರಕಟಿಸಿದ ಪಾಕವೇ ಇಂದಿಗೂ ಇದಕ್ಕೆ ಆಧಾರ: ಲವಣಗಳು, ಜೀವಸತ್ವಗಳು, ಲೀಟರಿಗೆ 30 ಗ್ರಾಂ ಸಕ್ಕರೆ, ಜತೆಗೆ ಹೊಸ ಮೊಳಕೆ ಒಡೆಯಿಸುವ ಚೋದಕ. ಬಾಟಲಿಗೆ ತುಂಬಿದ ಈ ಪಾಕವನ್ನು 121 ಡಿಗ್ರಿ ಶಾಖದಲ್ಲಿ, ಹಬೆಯ ಒತ್ತಡದಲ್ಲಿ ಕಾಯಿಸಿ ಶುದ್ಧಗೊಳಿಸುತ್ತಾರೆ. ಸಕ್ಕರೆ ಇದ್ದಲ್ಲಿ ಬೂಸ್ಟು ಬಾರದೆ ಇರುವುದೇ? ದೂಳಿನ ಒಂದು ಕಣ ಹೊಕ್ಕರೂ ಇಡೀ ಬಾಟಲಿ ಹಾಳು. ಸೋಸಿದ ಗಾಳಿ ಬೀಸುವ ಮೇಜಿನ ಮುಂದೆ, ಮುಖಗವಸು ಹಾಕಿ, ಚಿಮುಟ ಬ್ಲೇಡುಗಳನ್ನು ಮತ್ತೆ ಮತ್ತೆ ಕಾಯಿಸಿಕೊಳ್ಳುತ್ತ ತಾಸುಗಟ್ಟಲೆ ಕುಳಿತು ಮೊಳಕೆ ಬಿಡಿಸುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಅಗಿಯ ಆರೋಗ್ಯ ಮೊದಲು ಅವರ ಕೈಯಲ್ಲಿದೆ.

ಅಲ್ಲಿಂದ ಬಾಟಲಿಗಳು ಬೆಳವಣಿಗೆ ಕೋಣೆಗೆ ಹೋಗುತ್ತವೆ. ಅಲ್ಲಿ ಸುಮಾರು 25 ಡಿಗ್ರಿ ಉಷ್ಣಾಂಶ, 16 ತಾಸು ಬೆಳಕು, 8 ತಾಸು ಕತ್ತಲು. ಬೆಳಕಿನ ತೀಕ್ಷ್ಣತೆ ಎರಡು-ಮೂರು ಸಾವಿರ ಲಕ್ಸ್. ನಡುಹಗಲಿನ ನಮ್ಮ ಹೊಲದ ಬಿಸಿಲು ಒಂದು ಲಕ್ಷದ ಹತ್ತಿರ ಇರುತ್ತದೆ. ಇಷ್ಟು ಮಂದ ಬೆಳಕಿನಲ್ಲಿ ಗಿಡ ಹೇಗೆ ಬದುಕುತ್ತದೆ? ಹೊಟ್ಟೆ ತುಂಬಿಸುವುದು ಬೇರಿನ ಬಳಿಯ ಸಕ್ಕರೆ. ಬೆಳಕಿನ ಕೆಲಸ ಮುಖ್ಯವಾಗಿ ಎಲೆಗೆ ಹಸಿರು ಬರಿಸುವುದು, ಕಾಂಡಕ್ಕೆ ಆಕಾರ ಕೊಡುವುದು. ನೀಲಿ ಬೆಳಕು ಗಿಡವನ್ನು ಗಿಡ್ಡ, ಗಟ್ಟಿ ಮಾಡುತ್ತದೆ. ಟ್ಯೂಬ್‌ಲೈಟಿನ ಜಾಗಕ್ಕೆ ಎಲ್‌ಇಡಿ ಬಂದ ಕಡೆ ಬಿಸಿ ಇಳಿದು ಕೋಣೆ ತಂಪಿಡುವ ಕರೆಂಟಿನ ಖರ್ಚೂ ಇಳಿಯುತ್ತದೆ.

ಮೂರು-ನಾಲ್ಕು ವಾರಕ್ಕೊಮ್ಮೆ ಮೊಳಕೆಗಳನ್ನು ಬಿಡಿಸಿ ಹೊಸ ಬಾಟಲಿಗೆ ಹಾಕಿದರೆ ಒಂದು ಹಲವಾಗುತ್ತದೆ. ಆಸೆಬುರುಕತನಕ್ಕೆ ಇಲ್ಲಿ ಕಡಿವಾಣ ಬೇಕು. ಏಳೆಂಟು ಸುತ್ತು ಮೀರಿ ಬಿಡಿಸುತ್ತ ಹೋದರೆ ತಾಯಿಗುಣ ಕಳೆದುಕೊಂಡ ಕುಳ್ಳು ಗಿಡ, ವಿಕಾರ ಎಲೆಯ ಗಿಡ ಹೆಚ್ಚುತ್ತವೆ. ತಾಯಿಗಿಡದಲ್ಲಿ ನಂಜುರೋಗವಿದ್ದರೆ ಅದೂ ಬಾಟಲಿಯಲ್ಲೇ ಸಾವಿರ ಪಾಲಾಗಿ ಬೆಳೆಯುತ್ತದೆ. ಅದಕ್ಕೆಂದೇ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2006ರಲ್ಲಿ ಅಂಗಾಂಶ ಕೃಷಿ ಸಸಿಗಳಿಗೆ ಪ್ರಮಾಣೀಕರಣ ವ್ಯವಸ್ಥೆ ತಂದಿತು. ವೈರಸ್ ಪರೀಕ್ಷೆಯ ಪ್ರಮಾಣಪತ್ರ ಕೇಳುವುದು ರೈತರ ಹಕ್ಕು, ಸಂಕೋಚ ಬೇಡ.

ನನ್ನ ಮಟ್ಟಿಗೆ ಈ ವಿದ್ಯೆಯ ನಿಜವಾದ ಕಸುಬು ದೀಪ ಆರಿದ ಮೇಲಿನದು. ಬೇರು ಬಿಟ್ಟ ಸಸಿ ಬಾಟಲಿಯಿಂದ ಹೊರಬಂದಾಗ ಅದರ ಎಲೆಯ ಮೇಣದ ಪೊರೆ ತೆಳು, ಎಲೆರಂಧ್ರಗಳಿಗೆ ಸರಿಯಾಗಿ ಮುಚ್ಚಿಕೊಳ್ಳಲು ಬಾರದು. ಬಾಣಂತಿಯ ಕೋಣೆಯಿಂದ ಕೂಸನ್ನು ಹೊರತರುವಷ್ಟೇ ಜೋಪಾನ ಬೇಕು. ಬೇರಿಗೆ ಅಂಟಿದ ಅಗರ್ ತೊಳೆದು, ತೆಂಗಿನ ನಾರಿನ ಪುಡಿ ತುಂಬಿದ ಟ್ರೇಗೆ ಹಚ್ಚಿ, ತೇವ ತುಂಬಿದ ಪಾಲಿಥಿನ್ ಮನೆಯಲ್ಲಿ ಕೆಲವು ವಾರ. ಆಮೇಲೆ ಚೀಲಕ್ಕೆ ಬದಲಿಸಿ ನೆರಳು ಪರದೆಯಡಿ ಇನ್ನೂ ಐದಾರು ವಾರ. ಗಡಿಬಿಡಿಯಲ್ಲಿ ಈ ಹಂತ ಮೊಟಕು ಮಾಡಿದ ಅಗಿ ಹೊಲದಲ್ಲಿ ಮೊದಲ ಬಿಸಿಲಿಗೇ ಬಾಡುತ್ತದೆ, ಲ್ಯಾಬು ಎಷ್ಟೇ ದೊಡ್ಡದಿರಲಿ.

ಆರಡಿಗೊಂದರಂತೆ ಹಚ್ಚಿದರೆ ಎಕರೆಗೆ ಸುಮಾರು 1,200 ಅಗಿ ಹಿಡಿಯುತ್ತವೆ. ಗಡ್ಡೆಯ ಜತೆ ಬರುತ್ತಿದ್ದ ಜಂತುಹುಳು, ಸೊರಗು ರೋಗ ಅಗಿಯೊಂದಿಗೆ ಬರುವುದಿಲ್ಲ. ಮಣ್ಣಿನಲ್ಲೇ ಸೊರಗು ರೋಗವಿದ್ದರೆ ಮಾತ್ರ ಲ್ಯಾಬಿನ ಅಗಿಗೂ ಅದು ತಗಲುತ್ತದೆ. ವಯಸ್ಸು ಒಂದೇ ಇರುವುದರಿಂದ ಗೊನೆಗಳು ಹೆಚ್ಚುಕಡಿಮೆ ಒಟ್ಟಿಗೆ ಕಟಾವಿಗೆ ಬರುತ್ತವೆ, ಲಾರಿ ತುಂಬಿಸಲು ಅನುಕೂಲ. ಕೊಳ್ಳುವಾಗ ಐದಾರು ಎಲೆ ಇದೆಯೇ, ಚೀಲದೊಳಗಿನ ಬೇರು ಬೆಳ್ಳಗಿದೆಯೇ ನೋಡಬೇಕು. ಜಿ-9 ತಳಿಯ ಎಳೆಯ ಎಲೆಗಳ ಮೇಲೆ ಕೆಂಗಂದು ಮಚ್ಚೆ ಕಂಡು ರೋಗವೆಂದು ಹೆದರಿ ಔಷಧ ಹೊಡೆಯುವವರಿದ್ದಾರೆ. ಅದು ಎಳೆತನದ ಬಣ್ಣ. ಹೊಲದಲ್ಲಿ ಹೊಸ ಎಲೆಗಳು ಬರುತ್ತ ಹೋದಂತೆ ತಾನಾಗಿ ಮಾಯವಾಗುತ್ತದೆ.