ಹಬಶಾದ ಋಣ



ಹಿಜಿರಾ ಎಂದ ಕೂಡಲೇ ನಮಗೆಲ್ಲ ಮದೀನಾ ನೆನಪಾಗುತ್ತದೆ. ನೇಸರಗಿಯ ನಮ್ಮ ಜುಮಾದಲ್ಲಿ ಈ ತಿಂಗಳು ಅದಕ್ಕೂ ಮೊದಲಿನ ಹಿಜಿರಾದ ಮಾತು ಬಂತು. ಕ್ರಿ.ಶ. 615ರ ಸುಮಾರಿಗೆ ಮಕ್ಕಾದ ಹಿಂಸೆ ತಾಳಲಾರದ ಮುಸ್ಲಿಮರು ಕೆಂಪು ಸಮುದ್ರ ದಾಟಿ ಹಬಶಾಕ್ಕೆ, ಅಂದರೆ ಇಂದಿನ ಇಥಿಯೋಪಿಯಾ, ಎರಿಟ್ರಿಯಾದ ಕಡೆಗೆ ಹೋದರು. ಅಲ್ಲಿನ ದೊರೆ ನಜ್ಜಾಶಿ ಕ್ರೈಸ್ತರಾಗಿದ್ದರು. ಕುರೈಶರ ದೂತರು ಉಡುಗೊರೆ ಹಿಡಿದು ಬಂದು, ಓಡಿಬಂದವರನ್ನು ಒಪ್ಪಿಸಬೇಕೆಂದು ಕೇಳಿದರು. ನಜ್ಜಾಶಿ ಎರಡೂ ಕಡೆಯವರ ಮಾತು ಆಲಿಸಿದರು. ಜಾಫರ್ ಬಿನ್ ಅಬೀ ತಾಲಿಬ್(ರ) ಸೂರಃ ಮರ್ಯಮ್‌ನಿಂದ ಓದಿ ಕೇಳಿಸಿದರು. ದೊರೆ ಉಡುಗೊರೆ ಮರಳಿಸಿ, ಬಂದವರಿಗೆ ಆಶ್ರಯ ಕೊಟ್ಟರು. ಮುಂದೆ ನಜ್ಜಾಶಿ ತೀರಿಕೊಂಡ ಸುದ್ದಿ ತಿಳಿದಾಗ ಪ್ರವಾದಿವರ್ಯರು(ಸ) ಮದೀನಾದಲ್ಲೇ ಅವರ ಜನಾಝಾ ನಮಾಝ್ ನಿರ್ವಹಿಸಿದರು.

ಈ ಋಣವನ್ನು ನಂತರದವರು ಹೇಗೆ ತೀರಿಸಿದರು ಎಂದು ಕೇಳಿಕೊಂಡರೆ ತಲೆ ತಗ್ಗುತ್ತದೆ. 1529ರಿಂದ 1543ರವರೆಗೆ ಇಥಿಯೋಪಿಯಾದಲ್ಲಿ ಮುಸ್ಲಿಮ್ ಮತ್ತು ಕ್ರೈಸ್ತ ಸೇನೆಗಳ ನಡುವೆ ಘೋರ ಯುದ್ಧ ನಡೆಯಿತು. ಆ ನಾಡಿನ ಕದನಗಳಲ್ಲಿ ಸೆರೆಸಿಕ್ಕವರು ಗುಲಾಮರಾಗಿ ಕೆಂಪು ಸಮುದ್ರದ ಬಂದರುಗಳಿಗೆ ಬಂದರು. ಅವರನ್ನು ಕೊಂಡು ಮಾರಿದವರಲ್ಲಿ ಕಲಿಮಾ ಹೇಳುವವರೂ ಇದ್ದರು. ಗುಲಾಮರ ಬಿಡುಗಡೆಯನ್ನು ಝಕಾತಿನ ಎಂಟು ಬಾಬುಗಳಲ್ಲಿ ಒಂದಾಗಿಸಿದ ಧರ್ಮದವರೇ ಈ ವ್ಯಾಪಾರ ನಡೆಸಿದ್ದನ್ನು ನಾವು ಮುಚ್ಚಿಡಬಾರದು.

ಹೀಗೆ ದಕ್ಖನಿಗೆ ಬಂದವರಲ್ಲಿ ಮಲಿಕ್ ಅಂಬರ್ ಒಬ್ಬರು. ಇಥಿಯೋಪಿಯಾದಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ಮಾರಾಟವಾಗಿ, ಬಾಗ್ದಾದಿನ ದಾರಿಯಿಂದ ಅಹಮದನಗರಕ್ಕೆ ಬಂದರು. ನಿಜಾಮಶಾಹಿಯ ಪೇಶ್ವೆಯಾಗಿ, 1626ರಲ್ಲಿ ತೀರಿಕೊಳ್ಳುವವರೆಗೂ ಮೊಗಲರನ್ನು ತಡೆದು ನಿಲ್ಲಿಸಿದರು. ಭೂಕಂದಾಯವನ್ನು ಕ್ರಮಕ್ಕೆ ತಂದ ಆಡಳಿತಗಾರರೆಂದೂ ಅವರಿಗೆ ಹೆಸರಿದೆ. ಆದರೆ ಅಂಬರ್‌ರಂತೆ ಮೇಲೇರಿದವರು ಕೆಲವರೇ. ಗೋವಾದ ಪೋರ್ಚುಗೀಸರು ಮೊಜಾಂಬಿಕ್ ಕಡೆಯಿಂದಲೂ ಗುಲಾಮರನ್ನು ತಂದರು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿ ನೆಲೆ ಮಾಡಿಕೊಂಡರು.

ಅವರ ಮಕ್ಕಳು ಮೊಮ್ಮಕ್ಕಳೇ ನಮ್ಮ ಸಿದ್ದಿಗಳು. ನಾವು ಕಿತ್ತೂರು ದಾಟಿ ಪಡುವಣಕ್ಕೆ ಹೋದರೆ ಖಾನಾಪುರ ತಾಲ್ಲೂಕು, ಅದರಾಚೆ ಹಳಿಯಾಳ, ಯಲ್ಲಾಪುರ, ಮುಂಡಗೋಡ. ಅಲ್ಲೆಲ್ಲ ಅವರಿದ್ದಾರೆ. ಅವರಲ್ಲಿ ಮುಸ್ಲಿಮರೂ ಹಿಂದೂಗಳೂ ಕ್ರೈಸ್ತರೂ ಉಂಟು.

ಇನ್ನು ಆಡಳಿತದ ಮಾತು. 2003ರಲ್ಲಿ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಆದರೆ ಅದು ಉತ್ತರ ಕನ್ನಡ ಜಿಲ್ಲೆಗೆ ಮಾತ್ರ. ಹಳಿಯಾಳದ ಸಿದ್ದಿಗೆ ಸಿಗುತ್ತಿದ್ದ ಪ್ರಮಾಣಪತ್ರ ಗಡಿಯೀಚೆಯ ಖಾನಾಪುರದ ಸಿದ್ದಿಗೆ ಇರಲಿಲ್ಲ. ಕಾಡು ಒಂದೇ, ಜನ ಒಂದೇ, ಜಿಲ್ಲೆಯ ಗೆರೆ ಮಾತ್ರ ಬೇರೆ. ಇದರ ಪೆಟ್ಟು ವಿದ್ಯಾರ್ಥಿವೇತನಕ್ಕಷ್ಟೇ ಬೀಳಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನ ಸಾಗುವಳಿಯನ್ನು ತೋರಿಸಿದರೆ ಸಾಕು. ಉಳಿದವರು ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸಕ್ಕೆ ಪುರಾವೆ ಕೊಡಬೇಕು. ಓಡಿಬಂದವರ ಮನೆಯಲ್ಲಿ ಅಷ್ಟು ಹಳೆಯ ಕಾಗದ ಎಲ್ಲಿಂದ ಬರಬೇಕು? ಕೊನೆಗೆ 2020ರ ತಿದ್ದುಪಡಿ ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಸಿದ್ದಿಗಳನ್ನೂ ಪಟ್ಟಿಗೆ ಸೇರಿಸಿತು. ಪರಿಶಿಷ್ಟ ಪಂಗಡಕ್ಕೆ ಧರ್ಮದ ಷರತ್ತಿಲ್ಲ. ಆದ್ದರಿಂದ ಮುಸ್ಲಿಮ್ ಸಿದ್ದಿಗಳೂ ನಾಡಕಚೇರಿಯಲ್ಲಿ ಅರ್ಜಿ ಹಾಕಬಹುದು. ಇದನ್ನು ತಿಳಿಯದ ಮನೆಗಳಿಗೆ ತಿಳಿಸುವುದೂ ಸವಾಬಿನ ಕೆಲಸ.

ಅತ್ತ ಅವರ ಪೂರ್ವಜರ ನಾಡು ಇನ್ನೂ ತಣ್ಣಗಾಗಿಲ್ಲ. 2020ರ ನವೆಂಬರಿನಲ್ಲಿ ಇಥಿಯೋಪಿಯಾದ ಟಿಗ್ರೆಯಲ್ಲಿ ಯುದ್ಧ ಶುರುವಾಯಿತು. 2022ರ ನವೆಂಬರಿನ ಒಪ್ಪಂದದವರೆಗೆ ಲಕ್ಷಾಂತರ ಜನ ಮನೆ ಬಿಟ್ಟರು. ನಜ್ಜಾಶಿಯ ಹೆಸರಿನ ಮಸೀದಿಗೂ ಫಿರಂಗಿ ಏಟು ಬಿತ್ತು. 2023ರ ಏಪ್ರಿಲ್ 15ರಂದು ಪಕ್ಕದ ಸುಡಾನಿನಲ್ಲಿ ಸೇನೆ ಮತ್ತು ಅರೆಸೇನಾ ಪಡೆಯ ನಡುವೆ ಕಾದಾಟ ಹೊತ್ತಿಕೊಂಡಾಗ, ಗಿಡಮೂಲಿಕೆ ಎಣ್ಣೆ ಮಾರಲು ಹೋಗಿದ್ದ ನಮ್ಮ ಕರ್ನಾಟಕದ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಬಿದ್ದರು. ಆಪರೇಷನ್ ಕಾವೇರಿಯ ಮೂಲಕ ಸರ್ಕಾರ ಅಲ್ಲಿದ್ದ ಭಾರತೀಯರನ್ನು ಕರೆತಂದಿತು. ಬಂದೂಕು ಹಿಡಿದವರು ಅಧಿಕಾರಕ್ಕೆ ಕಚ್ಚಾಡಿದಾಗ ಊರು ಬಿಡಬೇಕಾದವರು ಬಡವರೇ. ಅವರಿಗೆ ಹಿಂದಿರುಗಲು ದೇಶವೊಂದಿತ್ತು. ಸುಡಾನಿನವರಿಗೆ ಇದ್ದ ದೇಶವೇ ಅದು.

ಈಗ ನಮ್ಮ ಮನೆಯ ಮಾತಿಗೆ ಬರೋಣ. ಕಪ್ಪು ಬಣ್ಣದ ಮಗು ಹುಟ್ಟಿದರೆ ನಮ್ಮಲ್ಲೇ ಕೆಲವರು 'ಹಬ್ಶಿ' ಎಂದು ನಗುತ್ತಾರೆ. ಬಸ್ಸಿನಲ್ಲಿ ಸಿದ್ದಿಗಳನ್ನು ಕಂಡರೆ ಯಾವ ದೇಶದವರೆಂದು ಕೇಳುತ್ತೇವೆ. ಬಿಲಾಲ್(ರ) ಹಬಶಿಗಳು, ಪ್ರವಾದಿವರ್ಯರನ್ನು(ಸ) ಎತ್ತಿ ಆಡಿಸಿದ ಉಮ್ಮು ಐಮನ್(ರ) ಕೂಡ ಹಬಶಾದವರು. ತಾಯಿಯ ಹೆಸರೆತ್ತಿ ಒಬ್ಬರನ್ನು ಹಂಗಿಸಿದ್ದಕ್ಕೆ ಅಬೂದರ್(ರ)ರನ್ನು ಪ್ರವಾದಿವರ್ಯರು(ಸ), ನಿಮ್ಮಲ್ಲಿ ಇನ್ನೂ ಜಾಹಿಲಿಯತ್ ಉಳಿದಿದೆ ಎಂದು ಗದರಿದರು. ಅಂದಿನಿಂದ ಅಬೂದರ್(ರ) ತಾವು ಉಟ್ಟಂಥ ಬಟ್ಟೆಯನ್ನೇ ಸೇವಕನಿಗೂ ಉಡಿಸಿದರು. ಬಾಯಿಮಾತಿನ ಪಶ್ಚಾತ್ತಾಪಕ್ಕೆ ನಿಲ್ಲದೆ ನಡತೆ ಬದಲಿಸಿಕೊಂಡರು.

ನಾವೂ ಅಷ್ಟು ಮಾಡೋಣ. ಆ ಬೈಗುಳ ನಮ್ಮ ಮನೆಯಿಂದ ಹೊರಹೋಗಲಿ. ನಮ್ಮ ಮದುವೆಯ ಪಂಕ್ತಿಯಲ್ಲಿ, ಸಂಬಂಧದ ಮಾತುಕತೆಯಲ್ಲಿ, ಝಕಾತಿನ ಲೆಕ್ಕದಲ್ಲಿ ಸಿದ್ದಿ ಬಾಂಧವರಿಗೂ ಜಾಗವಿರಲಿ. ಪರಕೀಯರು ಬಾಗಿಲಿಗೆ ಬಂದಾಗ ನಜ್ಜಾಶಿ ಬಣ್ಣ ಕೇಳಲಿಲ್ಲ. ಸಿದ್ದಿಗಳಂತೂ ನಮ್ಮ ನೆರೆಯವರೇ. ಅಲ್ಲಾಹನು ನಮಗೆ ಈ ಋಣ ಅರಿಯುವ ತೌಫೀಕ್ ನೀಡಲಿ, ಆಮೀನ್.