ಅನ್ಯಭಾಷಾ ಶಿಕ್ಷಕರ ಮೌಖಿಕ ಪ್ರಾವೀಣ್ಯ ಪರೀಕ್ಷೆ: ಸ್ವರೂಪ ಮತ್ತು ಮಿತಿಗಳು

ಒಂದು ಭಾಷೆಯನ್ನು ಕಲಿಸುವವರಿಗೆ ಆ ಭಾಷೆ ಬರುತ್ತದೆ ಎಂಬುದನ್ನು ಯಾವ ಆಧಾರದ ಮೇಲೆ ನಿರ್ಣಯಿಸಬೇಕು? ಈ ಪ್ರಶ್ನೆಗೆ ಎರಡು ಉತ್ತರಗಳು ರೂಢಿಯಲ್ಲಿವೆ. ಒಂದು ಹುಟ್ಟು: ಅದು ಅವರ ಮನೆಮಾತು, ಆದ್ದರಿಂದ ಬರುತ್ತದೆ. ಇನ್ನೊಂದು ಅಂಕಪಟ್ಟಿ: ಆ ಭಾಷೆಯನ್ನು ಓದಿ ತೇರ್ಗಡೆಯಾಗಿದ್ದಾರೆ, ಆದ್ದರಿಂದ ಬರುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಅನ್ಯಭಾಷಾ ಬೋಧನಾ ಕ್ಷೇತ್ರವು ಇವೆರಡೂ ಸಾಲವೆಂದು ಕಂಡುಕೊಂಡು ಮೂರನೆಯ ದಾರಿಯೊಂದನ್ನು ರೂಪಿಸಿಕೊಂಡಿತು. ಅಭ್ಯರ್ಥಿಯು ಆ ಭಾಷೆಯಲ್ಲಿ ಏನೇನು ಮಾಡಬಲ್ಲರೆಂಬುದನ್ನು ಮಾಡಿಸಿಯೇ ನೋಡುವುದು ಆ ದಾರಿ. ಅದರ ಸ್ವರೂಪವನ್ನೂ, ಗಡಿನಾಡಿನ ಕನ್ನಡ ಶಿಕ್ಷಣದ ಚರ್ಚೆಗೆ ಅದರಿಂದ ದೊರೆಯಬಹುದಾದ ಬೆಳಕನ್ನೂ ಇಲ್ಲಿ ಪರಿಶೀಲಿಸಲಾಗಿದೆ.

ಹಿನ್ನೆಲೆ

ಈ ಪರೀಕ್ಷೆಯ ಮೂಲ ಇರುವುದು ಶಾಲೆಯಲ್ಲಲ್ಲ, ರಾಯಭಾರ ಕಚೇರಿಯಲ್ಲಿ. ಹೊರದೇಶಗಳಿಗೆ ಹೋಗುವ ಅಧಿಕಾರಿಗಳ ಭಾಷಾಜ್ಞಾನವನ್ನು ಅಳೆಯಲು ಅಮೆರಿಕದ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್ 1950ರ ದಶಕದಲ್ಲಿ ಸೊನ್ನೆಯಿಂದ ಐದರವರೆಗಿನ ಒಂದು ಶ್ರೇಣಿಯನ್ನು ರೂಪಿಸಿತು. ಆದರೆ ಕಾಲೇಜುಗಳಲ್ಲಿ ಭಾಷೆ ಕಲಿತವರಲ್ಲಿ ಹೆಚ್ಚಿನವರು ಇದರ ಕೆಳಗಿನ ಮೆಟ್ಟಿಲುಗಳಲ್ಲೇ ನಿಲ್ಲುತ್ತಿದ್ದುದರಿಂದ, ಅವರ ನಡುವಣ ವ್ಯತ್ಯಾಸಗಳನ್ನು ಗುರುತಿಸಲು ಶ್ರೇಣಿಯ ಕೆಳಭಾಗವನ್ನು ಇನ್ನಷ್ಟು ಸೂಕ್ಷ್ಮವಾಗಿ ವಿಭಜಿಸಬೇಕಾಯಿತು. ಅನ್ಯಭಾಷಾ ಬೋಧಕರ ಸಂಘಟನೆಯಾದ ಆಕ್ಟ್‌ಫಲ್ ಇದನ್ನು ಮಾಡಿ 1986ರಲ್ಲಿ ತನ್ನ ಪ್ರಾವೀಣ್ಯ ಸೂಚಿಯನ್ನು ಪ್ರಕಟಿಸಿತು. 2012ರಲ್ಲಿ ಮತ್ತು 2024ರಲ್ಲಿ ಅದು ಪರಿಷ್ಕೃತವಾಗಿದೆ. ಇಂದು ಅದರಲ್ಲಿ ನೋವಿಸ್, ಇಂಟರ್‌ಮೀಡಿಯೇಟ್, ಅಡ್ವಾನ್ಸ್‌ಡ್, ಸುಪೀರಿಯರ್, ಡಿಸ್ಟಿಂಗ್ವಿಶ್ಡ್ ಎಂಬ ಐದು ಮಟ್ಟಗಳಿವೆ. ಮೊದಲ ಮೂರರಲ್ಲಿ ಲೋ, ಮಿಡ್, ಹೈ ಎಂಬ ಒಳಹಂತಗಳಿವೆ.

ಸಂದರ್ಶನದ ಕ್ರಮ

ಮೌಖಿಕ ಪರೀಕ್ಷೆಯು 15ರಿಂದ 30 ನಿಮಿಷಗಳ ಒಂದು ಸಂದರ್ಶನ. ಅದನ್ನು ಧ್ವನಿಮುದ್ರಿಸಿಕೊಳ್ಳಲಾಗುತ್ತದೆ, ಪ್ರಮಾಣಪತ್ರಕ್ಕೆ ಸಲ್ಲುವ ಪರೀಕ್ಷೆಯಲ್ಲಿ ಎರಡನೆಯ ಮೌಲ್ಯಮಾಪಕರೊಬ್ಬರು ಸ್ವತಂತ್ರವಾಗಿ ಮಟ್ಟವನ್ನು ನಿರ್ಧರಿಸುತ್ತಾರೆ. ಮೊದಲಿಗೆ ಸರಳ ಕುಶಲ ಸಂಭಾಷಣೆ ನಡೆಯುತ್ತದೆ. ಅಲ್ಲಿ ದೊರೆತ ಸುಳಿವುಗಳನ್ನೇ ಹಿಡಿದು ಸಂದರ್ಶಕರು ಎರಡು ಬಗೆಯ ಪ್ರಶ್ನೆಗಳನ್ನು ಹೆಣೆಯುತ್ತಾರೆ. ಒಂದು ಬಗೆಯವು ಅಭ್ಯರ್ಥಿ ಯಾವ ಮಟ್ಟದಲ್ಲಿ ನಿರಾಯಾಸವಾಗಿ ನಿಲ್ಲಬಲ್ಲರೆಂಬುದನ್ನು ದೃಢಪಡಿಸುತ್ತವೆ. ಇನ್ನೊಂದು ಬಗೆಯವು ಅದಕ್ಕಿಂತ ಮೇಲಿನ ಮಟ್ಟಕ್ಕೆ ಎಳೆದು ಎಲ್ಲಿ ಮಾತು ಕುಸಿಯುತ್ತದೆಂಬುದನ್ನು ತೋರಿಸುತ್ತವೆ. ಆದ್ದರಿಂದ ಮಾತು ಕುಸಿಯುವುದು ಇಲ್ಲಿ ಸೋಲಲ್ಲ. ನೆಲೆಯೊಂದಿಗೆ ಮಿತಿಯೂ ಗೊತ್ತಾಗದೆ ಅಳತೆಯೇ ಪೂರ್ಣವಾಗದು. ಬಾಯಿಪಾಠ ಮಾಡಿಕೊಂಡು ಬಂದ ಭಾಷಣಗಳಿಗೆ ಇಲ್ಲಿ ಬೆಲೆಯಿಲ್ಲದಿರುವುದಕ್ಕೂ ಇದೇ ಕಾರಣ.

ಮಟ್ಟಗಳ ನಡುವಣ ಗೆರೆಗಳನ್ನು ಎಳೆದಿರುವುದು ತಪ್ಪುಗಳ ಎಣಿಕೆಯಿಂದಲ್ಲ, ಕಾರ್ಯಗಳಿಂದ. ನೋವಿಸ್ ಮಟ್ಟದವರು ಕಲಿತ ಪದಗಳನ್ನೂ ನುಡಿಗಟ್ಟುಗಳನ್ನೂ ಮರುನುಡಿಯುತ್ತಾರೆ. ಇಂಟರ್‌ಮೀಡಿಯೇಟ್ ಮಟ್ಟದವರು ಸ್ವಂತ ವಾಕ್ಯಗಳನ್ನು ಕಟ್ಟುತ್ತಾರೆ, ಪ್ರಶ್ನೆ ಕೇಳುತ್ತಾರೆ. ಅಡ್ವಾನ್ಸ್‌ಡ್ ಮಟ್ಟದವರು ಭೂತ, ವರ್ತಮಾನ, ಭವಿಷ್ಯತ್ತುಗಳಲ್ಲಿ ನಿರೂಪಿಸಬಲ್ಲರು, ವರ್ಣಿಸಬಲ್ಲರು. ಅನಿರೀಕ್ಷಿತ ತೊಡಕೊಂದು ಎದುರಾದರೆ ಮಾತಿನಿಂದಲೇ ಅದನ್ನು ಬಿಡಿಸಿಕೊಳ್ಳಬಲ್ಲರು. ಸುಪೀರಿಯರ್ ಮಟ್ಟದವರು ಅಮೂರ್ತ ವಿಷಯಗಳನ್ನು ಚರ್ಚಿಸಿ ಅಭಿಪ್ರಾಯವನ್ನು ಸಮರ್ಥಿಸಬಲ್ಲರು. ಇನ್ನೊಂದು ಸೂಕ್ಷ್ಮವೂ ಗಮನಾರ್ಹ. ಪರಭಾಷಿಕರ ಮಾತನ್ನು ಕೇಳಿ ರೂಢಿಯಿದ್ದವರಿಗೆ ಮಾತ್ರ ಅರ್ಥವಾಗುವ ಮಾತು ಇಂಟರ್‌ಮೀಡಿಯೇಟ್. ಆ ರೂಢಿಯಿಲ್ಲದವರಿಗೂ ಅರ್ಥವಾದಾಗಲೇ ಅದು ಅಡ್ವಾನ್ಸ್‌ಡ್.

ಶಿಕ್ಷಕರ ಮಟ್ಟ

ಅಮೆರಿಕದಲ್ಲಿ ಶಿಕ್ಷಕರ ಅರ್ಹತೆಯನ್ನು ನಿಗದಿಪಡಿಸುವುದು ಆಯಾ ರಾಜ್ಯ, ಪರೀಕ್ಷೆಗಳೂ ಭಿನ್ನ. ಆದರೆ ಶಿಕ್ಷಕ ಸಿದ್ಧತಾ ಕಾರ್ಯಕ್ರಮಗಳಿಗೆ ಆಕ್ಟ್‌ಫಲ್ ಒಪ್ಪಿಸಿದ ಮಾನದಂಡದಂತೆ ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಮೊದಲಾದ ಭಾಷೆಗಳ ಅಭ್ಯರ್ಥಿಗಳು ಅಡ್ವಾನ್ಸ್‌ಡ್ ಲೋ ಮಟ್ಟವನ್ನು ಮುಟ್ಟಬೇಕು. ಅರಬ್ಬಿ, ಚೀನೀ, ಜಪಾನಿ, ಕೊರಿಯನ್ ಭಾಷೆಗಳಿಗೆ ಇಂಟರ್‌ಮೀಡಿಯೇಟ್ ಹೈ ಸಾಕು. ಇಂಗ್ಲಿಷ್ ಮಾತೃಭಾಷೆಯವರಿಗೆ ಈ ನಾಲ್ಕು ಭಾಷೆಗಳಿಗೆ ಸುಮಾರು 2,200 ತರಗತಿ ಗಂಟೆಗಳು ಬೇಕೆಂದು ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್ ಅಂದಾಜಿಸಿದೆ. ಸ್ಪ್ಯಾನಿಷ್‌ಗೆ ಅದರ ಮೂರನೆಯ ಒಂದು ಭಾಗದಷ್ಟೇ ಸಾಕು. ರಿಯಾಯಿತಿಯ ಹಿಂದಿನ ತರ್ಕ ಇದು.

ಅಡ್ವಾನ್ಸ್‌ಡ್ ಗೆರೆಗೆ ತರಗತಿಯಲ್ಲಿಯೇ ಕಾರಣವಿದೆ. ಕಲಿಸುವ ಅವಧಿಯ ಶೇ. 90ರಷ್ಟಾದರೂ ಆ ಭಾಷೆಯಲ್ಲೇ ನಡೆಯಬೇಕೆಂಬುದು ಆಕ್ಟ್‌ಫಲ್ ನಿಲುವು. ಮಗುವಿಗೆ ಒಂದು ವಿವರಣೆ ಅರ್ಥವಾಗದಿದ್ದರೆ ಅದನ್ನೇ ಬೇರೆ ಮಾತಿನಲ್ಲಿ ಹೇಳಬೇಕು, ಕತೆಯನ್ನು ಸರಳಗೊಳಿಸಬೇಕು, ಎಣಿಸಿರದ ಪ್ರಶ್ನೆಗೆ ಉತ್ತರಿಸಬೇಕು. ಬಿಡಿ ವಾಕ್ಯಗಳಷ್ಟೇ ಬರುವವರಿಂದ ಇದು ಸಾಧ್ಯವಾಗದು.

ಮನೆಮಾತಿನವರ ಸ್ಥಿತಿ

ಮನೆಯಲ್ಲಿ ಆ ಭಾಷೆಯನ್ನಾಡುತ್ತ ಬೆಳೆದ ಅಭ್ಯರ್ಥಿಗಳ ವಿಷಯದಲ್ಲಿ ಈ ಪರೀಕ್ಷೆ ಮುಖ್ಯವಾದುದೊಂದನ್ನು ಬಯಲಿಗೆ ತರುತ್ತದೆ. ಉಚ್ಚಾರಣೆ ಸಹಜ, ಓಘ ನಿರಾಯಾಸ. ಆದರೆ ಶಾಲೆ, ಓದು, ವಾದ ಎಲ್ಲವೂ ಇಂಗ್ಲಿಷಿನಲ್ಲಿ ನಡೆದಿರುವುದರಿಂದ ಮಾತು ಮನೆವಾರ್ತೆಯನ್ನು ದಾಟಿ ಸಾರ್ವಜನಿಕ ವಿಷಯಕ್ಕೆ ಬಂದೊಡನೆ ಪದಗಳು ಒದಗುವುದಿಲ್ಲ. ಅದು ಅವರ ಕೊರತೆಯಲ್ಲ. ಭಾಷೆಯನ್ನು ಯಾವ ವಲಯಗಳಲ್ಲಿ ಬಳಸಲು ಅವಕಾಶ ಸಿಕ್ಕಿತು ಎಂಬುದರ ಫಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಅಥವಾ ಮರಾಠಿ ಎಂಬ ಹಂಚಿಕೆಯಲ್ಲಿ ಬೆಳೆದ ತಾಳವಾಡಿಯ, ಸೊಲ್ಲಾಪುರದ ಕನ್ನಡಿಗರ ಅನುಭವಕ್ಕೂ ಇದು ಹೊರತಲ್ಲ.

ಮಿತಿಗಳು

ಸಂದರ್ಶನವು ನಿಜವಾದ ಸಂಭಾಷಣೆಯಲ್ಲವೆಂದು 1989ರಲ್ಲೇ ಭಾಷಾತಜ್ಞ ಲಿಯೊ ವಾನ್ ಲಿಯರ್ ಆಕ್ಷೇಪಿಸಿದ್ದರು: ವಿಷಯವನ್ನು ಆರಿಸುವ, ಸರದಿಯನ್ನು ಹಂಚುವ ಅಧಿಕಾರ ಅಲ್ಲಿ ಒಬ್ಬರ ಕೈಯಲ್ಲೇ ಇರುತ್ತದೆ. ಭಾಷೆ ಬಲ್ಲವರೆಲ್ಲ ಕಲಿಸಬಲ್ಲರೆಂದೂ ಅರ್ಥವಲ್ಲ. ಬೋಧನಾ ಸಾಮರ್ಥ್ಯವನ್ನು ಈ ಪರೀಕ್ಷೆ ಅಳೆಯುವುದೇ ಇಲ್ಲ.

ಗಡಿನಾಡಿನ ಪ್ರಶ್ನೆ

ಕನ್ನಡ ನಮಗೆ ಅನ್ಯಭಾಷೆಯಲ್ಲ. ಈ ಪರೀಕ್ಷೆಯನ್ನು ಇಡಿಯಾಗಿ ಇಲ್ಲಿಗೆ ತರಬೇಕೆಂದೇನೂ ಇಲ್ಲ. ಆದರೆ ಕಾಸರಗೋಡಿನ ಕನ್ನಡ ಮಾಧ್ಯಮ ತರಗತಿಗಳಿಗೆ ಕನ್ನಡ ಬಾರದ ಶಿಕ್ಷಕರ ನೇಮಕವಾದಾಗ ಮಕ್ಕಳೂ ಪೋಷಕರೂ ಪ್ರತಿಭಟಿಸಿದ್ದಾರೆ; ವಿವಾದ ನ್ಯಾಯಾಲಯದವರೆಗೂ ಹೋಗಿದೆ. ಇಂಥಲ್ಲಿ ‘ಕನ್ನಡ ಬರುತ್ತದೆ’, ‘ಬರುವುದಿಲ್ಲ’ ಎಂಬ ಎರಡೇ ಮಾತುಗಳಲ್ಲಿ ವಾದ ಸಿಲುಕಿಕೊಂಡರೆ, ಎಂದೋ ಪಡೆದ ಪ್ರಮಾಣಪತ್ರವೊಂದು ಮಗುವಿನ ಅನುಭವವನ್ನು ಸೋಲಿಸಿಬಿಡಬಲ್ಲದು. ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಬೇಕೆನ್ನುತ್ತದೆ. ಆದರೆ ಶಿಕ್ಷಕರ ಭಾಷೆಯ ಮಟ್ಟವನ್ನು ಅದು ಹೇಳುವುದಿಲ್ಲ.

ಅದನ್ನು ಹೇಳಬೇಕಾದವರು ನಾವು. ಗಣಿತದ ಶಿಕ್ಷಕರು ಭಿನ್ನರಾಶಿಯ ಲೆಕ್ಕದಲ್ಲಿ ಮಗು ಎಲ್ಲಿ ತಪ್ಪಿತೆಂದು ಕನ್ನಡದಲ್ಲಿ ವಿವರಿಸಬಲ್ಲರೇ? ಅರ್ಥವಾಗದಿದ್ದಾಗ ಬೇರೆ ಬಗೆಯಲ್ಲಿ ಹೇಳಬಲ್ಲರೇ? ಸ್ಥಳೀಯ ಕನ್ನಡದಲ್ಲಿ ಮಗು ಕೇಳಿದ್ದನ್ನು ಗ್ರಹಿಸಬಲ್ಲರೇ? ಇಂಥ ಕಾರ್ಯಗಳ ಪಟ್ಟಿಯೊಂದು ಸಿದ್ಧವಾದರೆ, ನೇಮಕಾತಿಯ ಮುನ್ನವೇ ಅರ್ಧ ಗಂಟೆಯ ಸಂದರ್ಶನದಲ್ಲಿ ಅವನ್ನು ಪರೀಕ್ಷಿಸಬಹುದು. ನ್ಯಾಯಾಲಯದ ಮುಂದೆಯೂ ಅಂಥ ದಾಖಲೆಗೆ ಭಾವನೆಯ ಮಾತಿಗಿಂತ ಹೆಚ್ಚಿನ ತೂಕವಿರುತ್ತದೆ.